ಕೊಟ್ಟಿಗೆಯಲ್ಲಿರುವ ಯೆಜ್ಡಿಗೆ ಮೊದಲ ದಿನವೇ ಕಿಕ್ ಹೊಡೆಯಬೇಡಿ

ಅಡಿಕೆ ಮೂಟೆಗಳ ಹಿಂದೆ ಒಂದು ಹಳೆ ಯೆಜ್ಡಿ ಬೈಕ್ ಹದಿನೈದು ವರ್ಷದಿಂದ ನಿಂತಿರುತ್ತದೆ. ದೀಪಾವಳಿಗೆ ಬೆಂಗಳೂರಿನಿಂದ ಬಂದ ಮೊಮ್ಮಗನ ಕಣ್ಣಿಗೆ ಬೀಳುತ್ತದೆ. ಅಂಗಳಕ್ಕೆ ತಳ್ಳುತ್ತಾನೆ, ಟ್ಯಾಂಕಿಗೆ ಒಂದು ಲೀಟರ್ ಪೆಟ್ರೋಲ್ ಸುರಿಯುತ್ತಾನೆ, ಕಿಕ್ ಮೇಲೆ ಹತ್ತಿ ನಿಲ್ಲುತ್ತಾನೆ. ಕಟ್ ಅಂತ ಒಂದು ಸದ್ದು. ಅಲ್ಲಿಗೆ ಮುಗೀತು, ಕಿಕ್ ಶಾಫ್ಟಿನ ಹಲ್ಲು ಹೋಯ್ತು. ತೀರ್ಥಹಳ್ಳಿ ಸುತ್ತಮುತ್ತ ಇಂಥ ನಾಲ್ಕು ಗಾಡಿ ನೋಡಿದ್ದೇನೆ. ಅದರಲ್ಲಿ ಒಂದರ ಹಲ್ಲು ಮುರಿದವನು ನಾನೇ.

ಈ ಗಾಡಿಗಳು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯವು. 1961ರಿಂದ ಜಾವಾ, 1973ರಿಂದ ಯೆಜ್ಡಿ. 1996ರಲ್ಲಿ ಬಾಗಿಲು ಮುಚ್ಚಿದರು. ಅಂದರೆ ನಿಮ್ಮ ಕೊಟ್ಟಿಗೆಯದ್ದು ಎಷ್ಟೇ ಹೊಸದಾದರೂ ಮೂವತ್ತರ ಆಸುಪಾಸು. ನಾನು ಇಲ್ಲಿ ಹೇಳುತ್ತಿರುವುದು ಪಾಯಿಂಟ್ (ತೆರೆದಾಗ ಪ್ಲಗ್ಗಿನಲ್ಲಿ ಕಿಡಿ ಬರಿಸುವ ಸಣ್ಣ ಸ್ವಿಚ್) ಇರುವ, 6 ವೋಲ್ಟ್ ಬ್ಯಾಟರಿಯ ಹಳೆ 250 ಸಿಸಿ ಗಾಡಿಯ ಬಗ್ಗೆ. ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ) ಇರುವ ರೋಡ್‌ಕಿಂಗ್ ಆದರೆ ಪಾಯಿಂಟಿನ ಕಥೆ ಬಿಟ್ಟು ಉಳಿದದ್ದು ಓದಿಕೊಳ್ಳಿ.

ಇನ್ನೊಂದು ಮಾತು. ಸ್ಟಾರ್ಟ್ ಆಗುವುದು ಬೇರೆ, ಓಡುವುದು ಬೇರೆ. ಅಂಗಳದಲ್ಲಿ ಹೊಗೆ ಬಿಟ್ಟು ವಿಡಿಯೊ ತೆಗೆಸಿಕೊಂಡ ಎಷ್ಟೋ ಗಾಡಿ ಊರಿನ ಮೊದಲ ಏರಿನಲ್ಲೇ ನಿಂತುಬಿಡುತ್ತವೆ.

ಮೊದಲು ಎಂಜಿನ್ ತಿರುಗುತ್ತದಾ ನೋಡಿ

ಪ್ಲಗ್ ಬಿಚ್ಚಿ. ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ತಿರುಗಿದರೆ ಪುಣ್ಯ. ತಿರುಗದಿದ್ದರೆ ಪ್ಲಗ್ ತೂತಿನಿಂದ ಅರ್ಧ ಡೀಸೆಲ್, ಅರ್ಧ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಆಯಿಲ್) ಬೆರೆಸಿ ಸ್ವಲ್ಪ ಬಿಟ್ಟು ಸುಮ್ನೆ ಎದ್ದು ಬನ್ನಿ. ಮೂರು ದಿನ ಬಿಟ್ಟು ಚಕ್ರ ಹಿಂದೆ ಮುಂದೆ ಅಲುಗಿಸಿ. ಇನ್ನೂ ಹಿಡಿದಿದ್ದರೆ ಮತ್ತೆ ಸ್ವಲ್ಪ ಹಾಕಿ, ಇನ್ನೊಂದು ವಾರ ಕಾಯಿರಿ. ಸುತ್ತಿಗೆ ಬೇಡ. ಇಳಿಜಾರಿನಲ್ಲಿ ತಳ್ಳಿ ಗೇರ್ ಬಿಡುವುದಂತೂ ಬೇಡವೇ ಬೇಡ.

ಬಿಟ್ಟುಕೊಂಡ ಮೇಲೂ ಹೆಡ್ ಮತ್ತು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಎತ್ತಿ ನೋಡುವುದು ಒಳ್ಳೆಯದು. ಒಳಗೆ ತುಕ್ಕಿನ ಗೆರೆ ಉಗುರಿಗೆ ಸಿಕ್ಕುವಷ್ಟಿದ್ದರೆ ಲೇತಿಗೆ ಕೊಟ್ಟು ರಿಬೋರ್ ಮಾಡಿಸಿ, ಅಂದರೆ ಒಳಗೆ ಕೊರೆಸಿ ನಯ ಮಾಡಿಸಿ. ಶಿವಮೊಗ್ಗದವರಿಗೆ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಒಂದು ಸುತ್ತು ಹಾಕಿದರೆ ಆಯ್ತು. ಜೋಡಿಸುವಾಗ ರಿಂಗಿನ ಬಾಯಿ ಪಿಸ್ಟನ್ನಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಬೇಕು. ಕೂರದೆ ಬೋರ್ ಒತ್ತಿದರೆ ರಿಂಗ್ ಮುರಿಯುತ್ತದೆ.

ಟ್ಯಾಂಕ್, ಕಾರ್ಬೋರೇಟರ್

ನಮ್ಮ ಮಳೆಗೆ ತುಕ್ಕು ಹಿಡಿಯದ ಟ್ಯಾಂಕ್ ಇಲ್ಲ. ಹಳೆ ಪೆಟ್ರೋಲ್ ಚೆಲ್ಲಿ (ಹಳೆ ಪೇಂಟಿನ ವಾಸನೆ ಬರುತ್ತದೆ), ಕಾಕ್ (ಪೆಟ್ರೋಲಿನ ನಲ್ಲಿ) ಬಿಚ್ಚಿ ತೂತು ಮುಚ್ಚಿ, ಬಿಸಿ ನೀರಿಗೆ ನಿಂಬೆ ಉಪ್ಪು ಕರಗಿಸಿ ತುಂಬಿ. ಅಡುಗೆಗೆ ಬಳಸುವ ನಿಂಬೆ ಉಪ್ಪೇ, ಲೀಟರಿಗೆ 50 ಗ್ರಾಂ ಸಾಕು. ಒಂದು ರಾತ್ರಿ ಬಿಟ್ಟು ಚೆಲ್ಲಿದರೆ ಕಾಫಿ ಡಿಕಾಕ್ಷನ್ ತರಹದ ನೀರು ಬರುತ್ತದೆ. ಆಮೇಲೆ ಅಡುಗೆ ಸೋಡಾ ನೀರಲ್ಲಿ ಒಮ್ಮೆ ತೊಳೆದು, ಬರೀ ನೀರಲ್ಲಿ ಇನ್ನೊಮ್ಮೆ ತೊಳೆದು, ತಕ್ಷಣ ಒಣಗಿಸಿ, ಟೂ-ಟಿ ಆಯಿಲ್ ಹಾಕಿ ಎಲ್ಲ ಕಡೆ ಆಡಿಸಿ. ತಕ್ಷಣ ಅಂದರೆ ತಕ್ಷಣ. ಊಟ ಮಾಡಿ ಬರ್ತೀನಿ ಅಂದರೆ ಬರುವಷ್ಟರಲ್ಲಿ ಒಳಗೆ ಮತ್ತೆ ಕೆಂಪು ಪುಡಿ ಎದ್ದಿರುತ್ತದೆ. ಹಾಗಾಗಿ ಈ ಕೆಲಸ ಫೆಬ್ರುವರಿ, ಮಾರ್ಚಿನ ಬಿಸಿಲಿನಲ್ಲಿ ಮಾಡಿ, ಆಷಾಢದಲ್ಲಿ ಕೈ ಹಾಕಬೇಡಿ. ಟ್ಯಾಂಕಿನೊಳಗೆ ಬಳಿಯುವ ಕೋಟಿಂಗ್ ಡಬ್ಬಿಗಳು ಸಿಗುತ್ತವೆ. ನನಗೆ ಅದರ ಮೇಲೆ ನಂಬಿಕೆ ಇಲ್ಲ. ನಾನು ಹಾಕಿದ್ದು ಎರಡನೇ ವರ್ಷಕ್ಕೆ ದೋಸೆಯಂತೆ ಎದ್ದು ಬಂದು ಕಾಕಿಗೆ ಅಡ್ಡ ಕೂತಿತ್ತು.

ಕಾರ್ಬೋರೇಟರ್ ಬಿಚ್ಚುವ ಮೊದಲು ಫಿಲ್ಟರ್ ಡಬ್ಬಿಯೊಳಗೆ ಕೈ ಹಾಕದೆ ಟಾರ್ಚ್ ಬಿಡಿ. ನನ್ನ ಸೋದರಮಾವನ ಗಾಡಿಯಲ್ಲಿ ಇಲಿ ಅಡಿಕೆ ಸಿಪ್ಪೆಯ ನಾರು ತಂದು ಹಾಸಿಗೆ ಮಾಡಿಕೊಂಡಿತ್ತು. ಕಾರ್ಬೋರೇಟರಿನ ಗಾಳಿ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಬೆಂಡೆಬೀಜದಷ್ಟು ಉಂಡೆ, ಒಳಗೆ ಒಣಗಿದ ಎರಡು ಜೇಡ. ಇದನ್ನು ತಿಳಿಯದೆ ಆರು ತಿಂಗಳು ಹಿಂದೆ ಒಬ್ಬ ಮೆಕ್ಯಾನಿಕ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು) ಬದಲಾಯಿಸಿ ದುಡ್ಡು ತೆಗೆದುಕೊಂಡಿದ್ದ! ಸೈಲೆನ್ಸರ್ ಬಾಯಿಯನ್ನೂ ನೋಡಿ, ಆ ಹುಳಕ್ಕೆ ಅದೂ ಒಂದು ಮನೆಯೇ.

ಜೆಟ್ ಕಟ್ಟಿದ್ದರೆ ವೈರಿನ ಒಂದು ತಾಮ್ರದ ಎಳೆ ತೂರಿಸಿ. ಸೇಫ್ಟಿ ಪಿನ್ ಬೇಡ. ಪಿನ್ ಹಿತ್ತಾಳೆಯನ್ನು ಕೊರೆದು ತೂತು ದೊಡ್ಡದು ಮಾಡುತ್ತದೆ, ಆಮೇಲೆ ಜನ್ಮವಿಡೀ ಪ್ಲಗ್ ಕಪ್ಪಾಗುತ್ತಲೇ ಇರುತ್ತದೆ. ಪೈಪ್, ಕಾಕಿನ ವಾಷರ್ ಎಲ್ಲ ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಅದು ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ.

ಎಲ್ಲರೂ ಕೆಡಿಸುವ ಜಾಗ: ಪಾಯಿಂಟ್ ಮತ್ತು ಟೈಮಿಂಗ್

ಗಾಡಿ ಏರು ಹತ್ತಲ್ಲ, ಬಿಸಿಯಾದರೆ ನಿಲ್ಲುತ್ತದೆ ಅಂತ ಬರುವ ಹತ್ತರಲ್ಲಿ ಎಂಟು ಜನ ಕಾರ್ಬೋರೇಟರಿನ ಸ್ಕ್ರೂ ತಿರುಗಿಸಿಯೇ ಬಂದಿರುತ್ತಾರೆ. ತಪ್ಪು ಇರುವುದು ಸಾಮಾನ್ಯವಾಗಿ ಬಲಗಡೆ ಮುಚ್ಚಳದ ಒಳಗೆ, ಡೈನಮೊ ಪಕ್ಕದ ಪಾಯಿಂಟಿನಲ್ಲಿ.

ಮೊದಲು ಬ್ಯಾಟರಿ. ಈ ಗಾಡಿಯಲ್ಲಿ ಕಿಡಿ ಬರುವುದು ಬ್ಯಾಟರಿಯಿಂದ. 6 ವೋಲ್ಟಿನ ಒಳ್ಳೆಯ ಬ್ಯಾಟರಿ ಇಲ್ಲದೆ ಪ್ಲಗ್ ಬದಲಾಯಿಸುತ್ತಾ ಕೂತರೆ ಸಂಜೆಯಾಗುತ್ತದೆ ಅಷ್ಟೆ.

ಆಮೇಲೆ ಪಾಯಿಂಟ್ ಗ್ಯಾಪ್. ಚಕ್ರ ತಿರುಗಿಸುತ್ತಾ ಪಾಯಿಂಟ್ ಅತಿ ಹೆಚ್ಚು ತೆರೆಯುವ ಜಾಗಕ್ಕೆ ತನ್ನಿ. ಎರಡು ತುದಿಗಳನ್ನೂ ಸಣ್ಣ ಎಮರಿ ಕಾಗದದಲ್ಲಿ ಒಮ್ಮೆ ಎಳೆದು, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ. ಎಮರಿಯ ಪುಡಿ ಉಳಿದರೆ ಕಿಡಿ ಬರುವುದಿಲ್ಲ. 0.4 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ಸ್ಕ್ರೂ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಯಾಕೆಂದರೆ ಬಿಗಿಯುವಾಗಲೇ ಪ್ಲೇಟ್ ಕೂದಲೆಳೆಯಷ್ಟು ಸರಿಯುತ್ತದೆ. ಬ್ಲೇಡ್ ಇಟ್ಟು ಅಂದಾಜು ಮಾಡುವವರಿದ್ದಾರೆ, ನನಗೆ ಕೆಲಸ ಕಲಿಸಿದ ಹಳೆ ಮೇಸ್ತ್ರಿಯೂ ಹಾಗೇ ಮಾಡುತ್ತಿದ್ದರು. ಆದರೆ ಅವರ ಕೈಗೆ ನಲವತ್ತು ವರ್ಷದ ಅಭ್ಯಾಸ ಇತ್ತು, ನಿಮಗೆ ಇಲ್ಲ.

ಈಗ ಟೈಮಿಂಗ್, ಅಂದರೆ ಪಿಸ್ಟನ್ ಎಲ್ಲಿದ್ದಾಗ ಕಿಡಿ ಹಾರಬೇಕು ಅನ್ನುವುದು. ಈ ಕ್ರಮ ಮಾತ್ರ ಬದಲಾಗಬಾರದು: ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಗ್ಯಾಪ್ ದೊಡ್ಡದಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಸಣ್ಣದಾದರೆ ತಡವಾಗಿ. ಟೈಮಿಂಗ್ ಚೆಂದ ಕೂರಿಸಿ ಆಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ನೀರುಪಾಲು. ಈ ಒಂದು ತಪ್ಪಿಗೇ ನಾನು ಎರಡು ಭಾನುವಾರ ಕಳೆದಿದ್ದೇನೆ.

ಅಳತೆಯ ವರ್ನಿಯರ್ ಕ್ಯಾಲಿಪರಿನ ಹಿಂಬದಿಯ ಕಡ್ಡಿಯನ್ನೋ, ಗುರುತು ಮಾಡಿದ ಸೈಕಲ್ ಕಡ್ಡಿಯನ್ನೋ ಪ್ಲಗ್ ತೂತಿನೊಳಗೆ ನೆಟ್ಟಗೆ ಬಿಡಿ. ಓರೆಯಾಗಿ ಹೋಗುತ್ತಿದ್ದರೆ ಅಳತೆ ತಪ್ಪುತ್ತದೆ, ಆಗ ಬೇಜಾರು ಮಾಡದೆ ಹೆಡ್ ತೆಗೆದೇ ಅಳೆಯಿರಿ. ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ ಗುರುತು ಮಾಡಿ. ಅಲ್ಲಿಂದ ಚಕ್ರ ಹಿಂದಕ್ಕೆ ತಿರುಗಿಸಿ, ಪಿಸ್ಟನ್ 6 ಮಿ.ಮೀ.ನಷ್ಟು ಕೆಳಗಿಳಿಯಲಿ. ಈಗ ನಿಧಾನವಾಗಿ ಮುಂದಕ್ಕೆ ತನ್ನಿ. ಮೇಲ್ತುದಿಗೆ ಇನ್ನು 3 ಮಿ.ಮೀ. ಇದೆ ಅನ್ನುವಾಗ ಪಾಯಿಂಟ್ ಆಗತಾನೆ ತೆರೆಯಲು ಶುರುವಾಗಬೇಕು. 3 ಅನ್ನುವುದು ಸುಮಾರಿನ ಲೆಕ್ಕ, ನಿಮ್ಮ ಗಾಡಿಯ ಪುಸ್ತಕ ಸಿಕ್ಕಿದರೆ ಅದರಲ್ಲಿರುವುದೇ ಕೊನೆ.

ಆಗತಾನೆ ತೆರೆಯಿತು ಅಂತ ಗೊತ್ತಾಗುವುದು ಹೇಗೆ? ಕಣ್ಣಿಗೆ ಕಾಣುವಷ್ಟು ತೆರೆದರೆ ಆಗಲೇ ತಡವಾಗಿರುತ್ತದೆ. ಅಗರಬತ್ತಿ ಪ್ಯಾಕೆಟ್ಟಿನ ತೆಳು ಪ್ಲಾಸ್ಟಿಕ್ ಹಾಳೆಯಿಂದ ಒಂದು ಪಟ್ಟಿ ಕತ್ತರಿಸಿ, ಪಾಯಿಂಟ್ ಮುಚ್ಚಿರುವಾಗ ನಡುವೆ ಸಿಕ್ಕಿಸಿ. ಎಡಗೈ ಬೆರಳಲ್ಲಿ ಅದನ್ನು ಹಗುರಾಗಿ, ಮಗುವಿನ ಕಿವಿ ಹಿಡಿದಷ್ಟೇ ಎಳೆದು ಹಿಡಿದುಕೊಳ್ಳಿ. ಇನ್ನೊಬ್ಬರು ಚಕ್ರ ತಿರುಗಿಸಲಿ. ನನಗೆ ತಿರುಗಿಸಿ ಕೊಡುವವಳು ಹೆಂಡತಿ. "ಇನ್ನೂ ಎಷ್ಟು ಹೊತ್ತು ಮಾರಾಯ್ರೇ" ಅನ್ನುವಷ್ಟು ನಿಧಾನವಾಗಿ ತಿರುಗಬೇಕು. ಹಿಡಿದಿದ್ದ ಪಟ್ಟಿ ಇದ್ದಕ್ಕಿದ್ದಂತೆ ಜಾರಿ ಬೆರಳಿಗೆ ಬರುತ್ತದೆ. ಅದೇ ಜಾಗ. ಕಡ್ಡಿ ನೋಡಿ. 3ಕ್ಕಿಂತ ಕಡಿಮೆ ಉಳಿದಿದ್ದರೆ ತಡ, ಜಾಸ್ತಿ ಉಳಿದಿದ್ದರೆ ಬೇಗ. ಪಾಯಿಂಟ್ ಕೂತಿರುವ ಪ್ಲೇಟಿನ ಸ್ಕ್ರೂ ಸಡಿಲಿಸಿ, ತಡ ಇದ್ದರೆ ಎಂಜಿನ್ ತಿರುಗುವ ದಿಕ್ಕಿಗೆ ಎದುರಾಗಿ, ಬೇಗ ಇದ್ದರೆ ತಿರುಗುವ ದಿಕ್ಕಿಗೇ ಸ್ವಲ್ಪ ಸರಿಸಿ. ಮತ್ತೆ ಹಿಂದೆ ಹೋಗಿ, ಮತ್ತೆ ಮುಂದೆ ತನ್ನಿ. ಅಳೆಯುವಾಗ ಯಾವಾಗಲೂ ಮುಂದಕ್ಕೇ ತಿರುಗಿಸುತ್ತಾ ಬರಬೇಕು. ನಾಲ್ಕೈದು ಸಲ ಆಗುತ್ತದೆ, ಒಂದೇ ಸಲಕ್ಕೆ ಸರಿಯಾಯ್ತು ಅನ್ನುವವರು ಅಳೆದೇ ಇರುವುದಿಲ್ಲ.

ಟೈಮಿಂಗ್ ತಡವಾದರೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಏರಿನಲ್ಲಿ ಉಸಿರು ಬಿಡುತ್ತದೆ, ಸೈಲೆನ್ಸರಿನ ಬಾಗಿದ ಪೈಪ್ ಸುಡುತ್ತದೆ. ಬೇಗವಾದರೆ ಕಿಕ್ ತಿರುಗಿ ಮೊಳಕಾಲಿಗೆ ಹೊಡೆಯುತ್ತದೆ, ಏರಿನಲ್ಲಿ ಟಣಟಣ ಸದ್ದು ಬರುತ್ತದೆ, ಹಾಗೇ ಓಡಿಸಿದರೆ ಪಿಸ್ಟನ್ ತೂತು.

ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಸಣ್ಣ ಭಾಗ) ಹೊಸದು ಹಾಕಿಬಿಡಿ. ಕತ್ತಲಲ್ಲಿ ಮುಚ್ಚಳ ತೆಗೆದು ಎಂಜಿನ್ ಓಡಿಸಿದಾಗ ಪಾಯಿಂಟಿನಲ್ಲಿ ಬೆಳ್ಳಗೆ ದೊಡ್ಡ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಸತ್ತಿದೆ ಅಂತಲೇ. ಪಾಯಿಂಟ್ ಸೆಟ್ ಮಾತ್ರ ಅಗ್ಗದ್ದು ತರಬೇಡಿ. ಅದರ ಕಂದು ಬಣ್ಣದ ಫೈಬರ್ ಹಿಮ್ಮಡಿ (ತಿರುಗುವ ಕ್ಯಾಮಿಗೆ ಉಜ್ಜುವ ತುಂಡು) ಒಂದು ತಿಂಗಳಲ್ಲಿ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಹಳೆ ಸ್ಟಾಕಿನ ಪಾಯಿಂಟ್ ಎರಡರಷ್ಟು ರೇಟಾದರೂ ಅದನ್ನೇ ಕೊಳ್ಳಿ.

ಆಯಿಲ್ ಸೀಲ್

ಟೂ ಸ್ಟ್ರೋಕ್ ಎಂಜಿನ್ನಿನ ಕೆಳಗಿನ ಗೂಡೂ ಗಾಳಿ ಆಡದಂತೆ ಮುಚ್ಚಿರಬೇಕು. ಹದಿನೈದು ವರ್ಷ ನಿಂತರೆ ಕ್ರ್ಯಾಂಕಿನ ಎರಡು ಕಡೆಯ ಸೀಲ್ ಗಟ್ಟಿಯಾಗಿ ಸಂದು ಬಿಡುತ್ತದೆ. ಡೈನಮೊ ಕಡೆಯ ಸೀಲ್ ಹೋದರೆ ಅಲ್ಲಿಂದ ಬರೀ ಗಾಳಿ ಎಳೆದುಕೊಳ್ಳುತ್ತದೆ. ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಸ್ಪೀಡ್ ಇಳಿಯುವುದಿಲ್ಲ, ಹೆಚ್ಚು ಓಡಿಸಿದರೆ ಸೀಜ್, ಅಂದರೆ ಪಿಸ್ಟನ್ ಹಿಡಿದು ನಿಲ್ಲುತ್ತದೆ. ಕ್ಲಚ್ ಕಡೆಯದ್ದು ಹೋದರೆ ಗೇರ್ ಆಯಿಲನ್ನೇ ಕುಡಿಯುತ್ತದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಕಡಿಮೆಯಾಗುತ್ತಲೇ ಇರುತ್ತದೆ. ಎರಡೂ ಬದಲಾಯಿಸಿ. ಒಂದನ್ನೇ ಹಾಕಿ ದುಡ್ಡು ಉಳಿಸುವುದು ಜಾಣತನ ಅಲ್ಲ.

ಕ್ಲಚ್ ಪ್ಲೇಟ್ ಅಂಟಿಕೊಂಡಿರುತ್ತದೆ, ಬಿಡಿಸಿ ತೊಳೆಯಿರಿ. ಕೇಬಲ್, ಟೈರ್, ಟ್ಯೂಬ್, ಬ್ರೇಕ್ ಶೂ ಹೊಸದು. ಮೇಲಿನ ಗುಂಡಿ (ಹಿಡಿತ ಕೊಡುವ ಉಬ್ಬು) ಚೆನ್ನಾಗಿದೆ ಅಂತ ಹಳೆ ಟೈರ್ ಇಟ್ಟುಕೊಳ್ಳಬೇಡಿ, ಕಲ್ಲಿನಂತಾಗಿರುತ್ತದೆ. ಮಳೆಯಲ್ಲಿ ಜಾರುತ್ತದೆ.

ಈಗ ಕಿಕ್

ಹೊಸ ಪೆಟ್ರೋಲ್ ಎರಡು ಲೀಟರ್, 80 ಮಿ.ಲೀ. ಟೂ-ಟಿ ಆಯಿಲ್. ಡಬ್ಬದಲ್ಲೇ ಕಲಸಿ ಆಮೇಲೆ ಟ್ಯಾಂಕಿಗೆ ಹಾಕಿ. ಟ್ಯಾಂಕಿಗೆ ಎರಡನ್ನೂ ಬೇರೆ ಬೇರೆ ಸುರಿದು ಗಾಡಿ ಅಲ್ಲಾಡಿಸಿದರೆ ಆಯಿಲ್ ತಳದಲ್ಲೇ ಕೂತು ಕಾಕಿಗೆ ಇಳಿಯುತ್ತದೆ. ಕಾರ್ಬೋರೇಟರಿನ ಟಿಕ್ಲರ್ ಗುಂಡಿ ಪೆಟ್ರೋಲ್ ತೊಟ್ಟಿಕ್ಕುವ ತನಕ ಒತ್ತಿ. ಮೊದಲ ಹತ್ತು ನಿಮಿಷ ಡೀಸೆಲ್ ಉರಿದು ಊರು ತುಂಬ ಹೊಗೆ, ಹೆದರಬೇಡಿ. ಹೊಗೆಯಲ್ಲಿ ನಿಂತು ಉಸಿರಾಡಲೂ ಬೇಡಿ.

ರಸ್ತೆಗೆ ಇಳಿಸುವ ಮೊದಲು ಆರ್‌ಸಿ ತೆಗೆದು ನೋಡಿ. ಸ್ವಂತ ಬಳಕೆಯ ಗಾಡಿಗೆ 15 ವರ್ಷದ ನಂತರ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣ ಬೇಕು. ಅಜ್ಜನ ಹೆಸರಲ್ಲೇ ಇದ್ದರೆ ಆ ಓಡಾಟ ಬೇರೆ, ಅದಕ್ಕೆ ಎಂಜಿನ್ ಬಿಚ್ಚುವುದಕ್ಕಿಂತ ಹೆಚ್ಚು ತಾಳ್ಮೆ ಬೇಕಾಗುತ್ತದೆ.

ಮೊದಲ ಓಟಕ್ಕೆ ನಾನು ಶಿವಮೊಗ್ಗದಿಂದ ಗಾಜನೂರಿನ ತನಕ ಹೋಗುತ್ತೇನೆ, ಹೆಚ್ಚು ಏರಿಲ್ಲ. ಅಲ್ಲಿ ನಿಲ್ಲಿಸಿ ಆರಲು ಬಿಟ್ಟು ಪ್ಲಗ್ ಬಿಚ್ಚಿ ನೋಡುತ್ತೇನೆ. ಕಾಫಿಪುಡಿ ಬಣ್ಣ ಇದ್ದರೆ ಸರಿ. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಬೆಳ್ಳಗಿದ್ದರೆ ಮುಂದೆ ಹೋಗಬೇಡಿ, ಸೀಲ್ ಮತ್ತು ಕಾರ್ಬೋರೇಟರಿನ ಕೀಲು ಮತ್ತೆ ನೋಡಿ. ಎಲ್ಲ ಸರಿ ಇದ್ದರೆ ಇನ್ನೊಂದು ಭಾನುವಾರ ಮಂಡಗದ್ದೆ, ಅದರ ಮುಂದಿನ ವಾರ ತೀರ್ಥಹಳ್ಳಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಕೊನೆಗೆ ಇಟ್ಟುಕೊಳ್ಳಿ.

ಹೊಸ ಪಾಯಿಂಟಿನ ಹಿಮ್ಮಡಿ ಮೊದಲ 200 ಕಿ.ಮೀ.ನಲ್ಲಿ ಸ್ವಲ್ಪ ಸವೆದು ಕೂರುತ್ತದೆ. ಅಷ್ಟಾದ ಮೇಲೆ ಗ್ಯಾಪ್, ಆಮೇಲೆ ಟೈಮಿಂಗ್, ಇನ್ನೊಮ್ಮೆ ಅದೇ ಕ್ರಮದಲ್ಲಿ. ಫೀಲರ್ ಗೇಜ್, ಒಂದು ಸಣ್ಣ ಸ್ಕ್ರೂಡ್ರೈವರ್, ಅಗರಬತ್ತಿ ಪ್ಯಾಕೆಟ್ಟಿನ ಒಂದು ಚೂರು ಟೂಲ್ ಬಾಕ್ಸಿನಲ್ಲೇ ಇರಲಿ.