ಸಿಎ ಫೈನಲ್: ಸೋತು ಸುಣ್ಣವಾಗದೆ ಆರು ತಿಂಗಳು ಓದುವುದು ಹೇಗೆ?

ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆನ್ಸಿಯ ಕೊನೆಯ ಪರೀಕ್ಷೆಗೆ ಆಫೀಸಿನಿಂದ ಓದಿನ ರಜೆ ಸಿಕ್ಕ ದಿನ ವಿದ್ಯಾರ್ಥಿ ಮಾಡುವ ಮೊದಲ ಕೆಲಸ ಟೈಮ್‌ಟೇಬಲ್ ಬರೆಯುವುದು. ನಾನೂ ಬರೆದಿದ್ದೆ. ಬೆಳಿಗ್ಗೆ ಐದಕ್ಕೆ ಏಳುವುದು, ರಾತ್ರಿ ಹನ್ನೊಂದಕ್ಕೆ ಮಲಗುವುದು, ನಡುವೆ ಹದಿನಾಲ್ಕು ಗಂಟೆ ಓದು. ಹುಬ್ಬಳ್ಳಿಯ ಬಾಡಿಗೆ ಕೋಣೆಯ ಗೋಡೆಗೆ ಅಂಟಿಸಿದ್ದ ಆ ಹಾಳೆಯಲ್ಲಿ ಊಟಕ್ಕೆ ಇಪ್ಪತ್ತು ನಿಮಿಷ ಇತ್ತು. ಭಾನುವಾರ ಅನ್ನುವ ಪದವೇ ಇರಲಿಲ್ಲ.

ಐದು ವಾರ ಹಾಗೇ ನಡೆಯಿತು. ಏಳನೇ ವಾರದ ಒಂದು ಮಧ್ಯಾಹ್ನ ಕನ್ಸಾಲಿಡೇಷನ್ ಲೆಕ್ಕ, ಅಂದರೆ ಹೋಲ್ಡಿಂಗ್ ಕಂಪನಿಯದೂ ಅದರ ಅಧೀನ ಕಂಪನಿಯದೂ ಒಟ್ಟುಗೂಡಿಸುವ ಲೆಕ್ಕ, ಮಾಡುತ್ತಾ ಕೂತಿದ್ದೆ. ಅಧೀನ ಕಂಪನಿಯ ಶೇ 80ರಷ್ಟು ಷೇರು ಹೋಲ್ಡಿಂಗ್ ಕಂಪನಿಯದು. ಉಳಿದದ್ದು ಮೈನಾರಿಟಿ ಇಂಟರೆಸ್ಟ್, ಅಂದರೆ ಹೊರಗಿನ ಷೇರುದಾರರ ಪಾಲು, ಅದನ್ನು ಬರೆಯಬೇಕಿತ್ತು. ನೂರರಲ್ಲಿ ಎಂಬತ್ತು ಕಳೆದರೆ ಎಷ್ಟು ಅನ್ನುವುದು ಹೊಳೆಯಲಿಲ್ಲ. ಕ್ಯಾಲ್ಕುಲೇಟರ್ ಒತ್ತಿದೆ. 20 ಬಂತು. ಆ 20 ಯಾಕೆ ಬಂತು, ಅದನ್ನು ಎಲ್ಲಿ ಬರೆಯಬೇಕು ಅಂತ ತಿಳಿಯದೆ ಸುಮ್ನೆ ಅದನ್ನೇ ನೋಡುತ್ತಾ ಕೂತೆ. ಫ್ಯಾನ್ ಗಾಳಿಗೆ ಪುಟ ತಾನಾಗಿ ಮಗುಚಿತು. ಅದನ್ನು ತಿರುಗಿಸಿ ಇಡಲೂ ಮನಸ್ಸಾಗಲಿಲ್ಲ.

ಆ ಅಟೆಂಪ್ಟ್ ಹೋಯಿತು. ನನಗೆ ವಿಷಯ ಬರುತ್ತಿರಲಿಲ್ಲ ಅಂತಲ್ಲ, ಪರೀಕ್ಷೆಯ ಹೊತ್ತಿಗೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಎರಡನೇ ಸಲ ದಿನಕ್ಕೆ ಒಂಬತ್ತು ಗಂಟೆ ಓದಿ ಪಾಸಾದೆ. ಈಗ ನಮ್ಮ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ (ಸಿಎ ಆಗಲು ಮಾಡಲೇಬೇಕಾದ ಕೆಲಸದ ತರಬೇತಿ) ಮುಗಿಸಿ ಹೊರಡುವ ಪ್ರತಿ ಹುಡುಗ, ಹುಡುಗಿಗೂ ಒಂದು ಮಾತು ಹೇಳುತ್ತೇನೆ: ವಿಶ್ರಾಂತಿಯನ್ನು ಮೊದಲು ಬರೆದುಕೊಳ್ಳಿ, ಓದನ್ನು ಉಳಿದ ಜಾಗದಲ್ಲಿ ತುಂಬಿ. ನಾವು ಲೆಕ್ಕದವರು. ಬರುತ್ತದೆ ಅಂತ ಗೊತ್ತಿರುವ ಖರ್ಚಿಗೆ ಮೊದಲೇ ಪ್ರಾವಿಷನ್ ಮಾಡುತ್ತೇವೆ ಅಲ್ವಾ? ಆರು ತಿಂಗಳ ಓದಿನಲ್ಲಿ ದಣಿವು ಬಂದೇ ಬರುತ್ತದೆ. ಅದಕ್ಕೂ ಪ್ರಾವಿಷನ್ ಬೇಕು.

ಹಂತ 1: ಇದು ಬರೀ ಆಯಾಸವೋ, ಬರ್ನ್‌ಔಟೋ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಮೂರು ಗುರುತುಗಳಿಂದ ವಿವರಿಸಿತು. ಶಕ್ತಿಯೆಲ್ಲ ಸೋರಿಹೋದಂತೆ ಅನಿಸುವುದು, ಮಾಡುವ ಕೆಲಸದ ಮೇಲೆಯೇ ಬೇಸರ ಹುಟ್ಟಿ ಮನಸ್ಸು ದೂರ ಸರಿಯುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನುವ ಭಾವನೆ. ಅವರು ಹೇಳಿದ್ದು ಉದ್ಯೋಗದ ಬಗ್ಗೆ. ಆದರೆ ಆರು ತಿಂಗಳು ಬೆಳಿಗ್ಗೆಯಿಂದ ರಾತ್ರಿವರೆಗೆ ಕುರ್ಚಿಯಲ್ಲಿ ಕೂರುವುದು ಉದ್ಯೋಗಕ್ಕಿಂತ ಕಡಿಮೆಯೇನಲ್ಲ.

ನಾನು ಹೇಳುವ ಪರೀಕ್ಷೆ ಸುಲಭದ್ದು. ಎರಡು ರಾತ್ರಿ ಚೆನ್ನಾಗಿ ಮಲಗಿ, ಒಂದು ಭಾನುವಾರ ಪೂರ್ತಿ ಪುಸ್ತಕ ಮುಟ್ಟಬೇಡಿ. ಸೋಮವಾರ ಹಗುರ ಅನಿಸಿದರೆ ಅದು ಆಯಾಸ. ಭಾನುವಾರ ಸಂಜೆಯಿಂದಲೇ ಹೊಟ್ಟೆಯಲ್ಲಿ ಸಂಕಟ ಶುರುವಾದರೆ, ಇಷ್ಟದ ವಿಷಯದ ಪುಸ್ತಕ ತೆರೆಯಲೂ ಕೈ ಬಾರದಿದ್ದರೆ, ನೇರ ಹಂತ 6 ಓದಿ. ಉಳಿದದ್ದು ಆಮೇಲೆ ಓದಬಹುದು.

ಹಂತ 2: ಕ್ಯಾಲೆಂಡರ್‌ನಲ್ಲಿ ಮೊದಲು ರಜೆ ಹಾಕಿ

2023ರ ಜುಲೈಯಿಂದ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದ ಬದಲು ಎರಡು ವರ್ಷ. ಅದು ಮುಗಿದ ಮೇಲೆ ಆರು ತಿಂಗಳು ಓದಲು ಬಿಡುವು, ನಂತರ ಫೈನಲ್. ನನ್ನ ಕಾಲಕ್ಕೆ ಎಂಟು ಪೇಪರ್ ಇದ್ದವು, ಈಗ ಎರಡು ಗ್ರೂಪ್ ಸೇರಿ ಆರು. ಆಫೀಸಿನ ಕಾಟ ಇಲ್ಲದ ಆರು ತಿಂಗಳು ಕೇಳಲು ಚೆಂದ. ಆದರೆ ಆಫೀಸಿಗೆ ಹೋಗುತ್ತಿದ್ದಾಗ ಬಸ್ಸಿತ್ತು, ಚಹಾ ಇತ್ತು, ಗೆಳೆಯರಿದ್ದರು, ಸಂಜೆ ಮನೆಗೆ ಹೊರಡುವ ಹೊತ್ತು ಅಂತ ಒಂದಿತ್ತು. ಈಗ ಅದ್ಯಾವುದೂ ಇಲ್ಲ. ನೀವೇ ಹೊತ್ತು ಗೊತ್ತು ಮಾಡಿಕೊಳ್ಳದಿದ್ದರೆ ದಿನಕ್ಕೆ ಆರಂಭವೂ ಇರುವುದಿಲ್ಲ, ಕೊನೆಯೂ ಇರುವುದಿಲ್ಲ.

ಪರೀಕ್ಷೆಯ ದಿನದಿಂದ ಹಿಂದಕ್ಕೆ ಎಣಿಸಿ. ಆರು ತಿಂಗಳು ಅಂದರೆ 26 ವಾರ, ಸುಮಾರು 180 ದಿನ. ಪ್ರತಿ ಭಾನುವಾರ ಮಧ್ಯಾಹ್ನದ ಊಟದ ನಂತರ ಓದು ಬೇಡ. ಅದು ಒಟ್ಟು 13 ದಿನ. ಕೊನೆಯ ತಿಂಗಳು ಬಿಟ್ಟು ತಿಂಗಳಿಗೊಂದು ಪೂರ್ತಿ ರಜೆ, ಅದು 5 ದಿನ. ದೀಪಾವಳಿ, ಅಕ್ಕನ ಮದುವೆ, ಜ್ವರ, ಕರೆಂಟ್ ಹೋದ ದಿನ ಇವಕ್ಕೆಲ್ಲ 10 ದಿನ. ಒಟ್ಟು 28 ದಿನ ಕಳೆಯಿತು. ಉಳಿದದ್ದು ಹೆಚ್ಚುಕಡಿಮೆ 150 ದಿನ. ಮೊದಲ ಓದಿಗೆ 95, ಎರಡನೆಯದಕ್ಕೆ 35, ಮೂರನೆಯದಕ್ಕೆ 20 ಅಂತ ಹಂಚಿ.

28 ದಿನ ವ್ಯರ್ಥ ಅಂತ ಹೆದರಬೇಡಿ. ಮೊದಲ ಅಟೆಂಪ್ಟ್‌ನಲ್ಲಿ ನಾನು ಇದಕ್ಕಿಂತ ಜಾಸ್ತಿ ದಿನ ಪುಸ್ತಕ ಎದುರಿಗಿಟ್ಟುಕೊಂಡು ಏನೂ ಓದದೆ ಕಳೆದಿದ್ದೆ. ಅದು ಓದೂ ಆಗಲಿಲ್ಲ, ವಿಶ್ರಾಂತಿಯೂ ಆಗಲಿಲ್ಲ.

ಬ್ಯಾಕ್‌ಲಾಗ್ ಎಲ್ಲರಿಗೂ ಆಗುತ್ತದೆ. ಅದಕ್ಕಾಗಿ ಶನಿವಾರ ಸಂಜೆಯನ್ನು ಖಾಲಿ ಬಿಡಿ. ವಾರದ ಬಾಕಿ ಅಲ್ಲಿ ಮುಗಿಯದಿದ್ದರೆ ಎರಡನೇ ಓದಿಗೆ ದಾಟಿಸಿ. ನಿದ್ದೆಯಿಂದ ಮಾತ್ರ ಕಡ ತರಬೇಡಿ.

ಹಂತ 3: ಮಧ್ಯಾಹ್ನ ಎರಡರಿಂದ ಐದು ಎಚ್ಚರವಾಗಿರುವ ಅಭ್ಯಾಸ ಮಾಡಿ

ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಫೈನಲ್ ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ. 1.45ಕ್ಕೆ ಪ್ರಶ್ನೆಪತ್ರಿಕೆ ಓದಿಕೊಳ್ಳಲು ಕೊಡುತ್ತಾರೆ. ಪುಸ್ತಕ ನೋಡಿ ಬರೆಯುವ ಆರನೇ ಪೇಪರ್ ನಾಲ್ಕು ಗಂಟೆಯದು, ಸಂಜೆ 6ರವರೆಗೆ ಇರುತ್ತದೆ. ಆದರೆ ನಮ್ಮಲ್ಲಿ ಎಷ್ಟೋ ಮಂದಿ ರಾತ್ರಿ ಎರಡು ಗಂಟೆವರೆಗೆ ಓದಿ, ಪರೀಕ್ಷೆ ನಡೆಯುವ ಹೊತ್ತಿನಲ್ಲೇ, ಅಂದರೆ ಮಧ್ಯಾಹ್ನ ಊಟ ಮಾಡಿ, ಮಲಗುತ್ತಾರೆ. ಆರು ತಿಂಗಳು ಮಧ್ಯಾಹ್ನ ಎರಡು ಗಂಟೆಗೆ ಮಲಗಿದ ಮೈಯನ್ನು ಪರೀಕ್ಷೆಯ ದಿನ ಏಕಾಏಕಿ ಎಬ್ಬಿಸಿ ಟ್ರಾನ್ಸ್‌ಫರ್ ಪ್ರೈಸಿಂಗ್ ಬರೆ ಅಂದರೆ ಅದು ಹೇಗೆ ಕೇಳೀತು?

ದಿನವನ್ನು ಮೂರು ಮೂರು ಗಂಟೆಯ ಮೂರು ಭಾಗ ಮಾಡಿ. ಬೆಳಿಗ್ಗೆ ತಲೆ ತಾಜಾ ಇರುವಾಗ ಹೊಸ ಪಾಠ: ಫೈನಾನ್ಶಿಯಲ್ ರಿಪೋರ್ಟಿಂಗ್, ಎಎಫ್ಎಂ (ಅಡ್ವಾನ್ಸ್ಡ್ ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್) ಅಂಥವು. ಮಧ್ಯಾಹ್ನ ಎರಡರಿಂದ ಐದು ಪೆನ್ನು ಹಿಡಿದು ಬರೆಯುವ ಕೆಲಸ. ಲೆಕ್ಕ ಬಿಡಿಸುವುದು, ಹಳೆಯ ಪ್ರಶ್ನೆಗಳಿಗೆ ಉತ್ತರ ಬರೆಯುವುದು. ಓದಿದರೆ ನಿದ್ದೆ ಬರುತ್ತದೆ, ಬರೆದರೆ ಅಷ್ಟು ಬರುವುದಿಲ್ಲ. ಸಂಜೆ ಆರೂವರೆಯಿಂದ ಆಡಿಟ್ ಥರದ ಥಿಯರಿ. ಮಧ್ಯಾಹ್ನದ ಊಟ ಹನ್ನೆರಡೂವರೆಗೆ ಮುಗಿಸಿ, ಹೊಟ್ಟೆ ಬಿರಿಯುವಷ್ಟು ಬೇಡ. ಎರಡು ಜೋಳದ ರೊಟ್ಟಿ, ಪಲ್ಯ, ಒಂದು ಲೋಟ ಮಜ್ಜಿಗೆ ಸಾಕು. ಐವತ್ತು ನಿಮಿಷಕ್ಕೊಮ್ಮೆ ಕುರ್ಚಿ ಬಿಟ್ಟೇಳಿ. ಹತ್ತು ನಿಮಿಷ ಬಾಲ್ಕನಿಗೆ ಹೋಗಿ, ನೀರು ಕುಡಿಯಿರಿ, ಬಟ್ಟೆ ಮಡಚಿ. ಮೊಬೈಲ್ ನೋಡುವುದು ಬಿಡುವಲ್ಲ. ಕಣ್ಣು ಒಂದು ಹಾಳೆಯಿಂದ ಇನ್ನೊಂದು ಪರದೆಗೆ ಹೋಯಿತು ಅಷ್ಟೇ.

ಸಂಜೆ ಚಹಾ, ಕಾಫಿ ಐದು ಗಂಟೆಯ ನಂತರ ಬೇಡ. ಕೆಫೀನ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಐದಕ್ಕೆ ಕುಡಿದ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ಒಳಗೇ ಇರುತ್ತದೆ. ಏಳು ಗಂಟೆ ನಿದ್ದೆ ಮಾಡಿ. ಬೆಳಿಗ್ಗೆಯೋ ಸಂಜೆಯೋ ಅರ್ಧ ಗಂಟೆ ನಡೆಯಿರಿ.

ಇನ್ನು ದಿನ ಮುಗಿಸುವ ರೀತಿ. ರಾತ್ರಿ ಒಂಬತ್ತೂವರೆಗೆ ಡೈರಿಯಲ್ಲಿ ಮೂರೇ ಸಾಲು ಬರೆಯಿರಿ. ಇವತ್ತು ಮುಗಿದದ್ದು. ಉಳಿದದ್ದು. ನಾಳೆ ಶುರು ಮಾಡುವ ಪುಟದ ಸಂಖ್ಯೆ. ನಾನು ಎರಡನೇ ಅಟೆಂಪ್ಟ್‌ನಲ್ಲಿ ನಾಳೆಯ ಪುಸ್ತಕವನ್ನು ಅದೇ ಪುಟಕ್ಕೆ ತೆರೆದು, ಮೇಲೆ ಕ್ಯಾಲ್ಕುಲೇಟರ್ ಇಟ್ಟು, ಟೇಬಲ್ ದೀಪ ಆರಿಸುತ್ತಿದ್ದೆ. ಹಾಸಿಗೆ ಹತ್ತಿರ ಒಂದು ಹಾಳೆಯನ್ನೂ ತರುತ್ತಿರಲಿಲ್ಲ. ಅಂಗಡಿಯವರು ರಾತ್ರಿ ಗಲ್ಲಾ ಎಣಿಸಿ ಶಟರ್ ಎಳೆಯುವುದಿಲ್ಲವೇ, ಹಾಗೆ. ಬಾಕಿ ಎಷ್ಟೇ ಇರಲಿ, ಅದು ಡೈರಿಯಲ್ಲಿ ಬರೆದಿದೆ, ತಲೆಯಲ್ಲಿ ಹೊತ್ತುಕೊಂಡು ಮಲಗಬೇಕಾಗಿಲ್ಲ. ಇಡೀ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಹಂತ 4: ಕಡಿಮೆ ನೋಡಿ, ಜಾಸ್ತಿ ಬರೆಯಿರಿ

ವಿಡಿಯೊ ಕ್ಲಾಸನ್ನು ಎರಡು ಪಟ್ಟು ವೇಗದಲ್ಲಿ ಎಂಟು ಗಂಟೆ ನೋಡಿದರೆ ಸುಸ್ತು ಪೂರ್ತಿ, ನೆನಪಿನಲ್ಲಿ ಉಳಿಯುವುದು ಸ್ವಲ್ಪ. ಇಷ್ಟು ಕಷ್ಟಪಟ್ಟರೂ ಏನೂ ಬರುತ್ತಿಲ್ಲವಲ್ಲ ಅನ್ನುವ ಹತಾಶೆ ಹುಟ್ಟುವುದು ಇಲ್ಲಿಯೇ. ಓದಿದ್ದು ದಿನಗಳಲ್ಲೇ ಎಷ್ಟು ಬೇಗ ಸವೆಯುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ಮರೆವು ನಿಮ್ಮ ತಪ್ಪಲ್ಲ. ಪುಸ್ತಕ ಮುಚ್ಚಿ, ನೆನಪಾದಷ್ಟನ್ನು ಖಾಲಿ ಹಾಳೆಯಲ್ಲಿ ಬರೆಯಿರಿ. ಮಾರನೆಯ ದಿನ ಒಮ್ಮೆ, ವಾರದ ನಂತರ ಒಮ್ಮೆ ಹಾಗೇ ಮಾಡಿ. ಸಿಎ ಪರೀಕ್ಷೆ ನಡೆಸುವ ಸಂಸ್ಥೆ ಐಸಿಎಐ ತನ್ನ ವೆಬ್‌ಸೈಟಿನಲ್ಲಿ ರಿವಿಷನ್ ಟೆಸ್ಟ್ ಪೇಪರ್, ಮಾಕ್ ಟೆಸ್ಟ್ ಪೇಪರ್ ಎರಡನ್ನೂ ಉಚಿತವಾಗಿ ಕೊಡುತ್ತದೆ. ಅವನ್ನು ಗಡಿಯಾರ ಇಟ್ಟುಕೊಂಡು ಮಧ್ಯಾಹ್ನ ಎರಡಕ್ಕೇ ಬರೆಯಿರಿ.

ಮೊದಲ ಮಾಕ್‌ನಲ್ಲಿ 35 ಬಂದರೆ ಅಳಬೇಡಿ. ಪಾಸಾಗಲು ಎಷ್ಟು ಬೇಕು ಅಂತ ಒಮ್ಮೆ ಲೆಕ್ಕ ಹಾಕಿ. ಪ್ರತಿ ಪೇಪರ್‌ನಲ್ಲಿ 40, ಗ್ರೂಪಿನ ಮೂರು ಪೇಪರ್ ಸೇರಿ 300ಕ್ಕೆ 150. ಒಂದರಲ್ಲಿ 42 ಬಂದರೂ ಉಳಿದೆರಡರಲ್ಲಿ 54ರಂತೆ ಬಂದರೆ ಸಾಕು. ಮೊದಲ ಐದು ಪೇಪರ್‌ಗಳಲ್ಲಿ ತಲಾ ಶೇ 30 ಅಂಕ ಬಹು ಆಯ್ಕೆ ಪ್ರಶ್ನೆಗಳದ್ದು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಗ್ರೂಪ್ ಆಗದಿದ್ದರೂ ಒಂದು ಪೇಪರ್‌ನಲ್ಲಿ 60 ಬಂದರೆ ಮುಂದಿನ ಮೂರು ಅಟೆಂಪ್ಟ್‌ಗೆ ಅದರಿಂದ ಎಕ್ಸೆಂಪ್ಷನ್ ಸಿಗುತ್ತದೆ, ಅಂದರೆ ಆ ಪೇಪರ್ ಮತ್ತೆ ಬರೆಯಬೇಕಿಲ್ಲ. ಪುಸ್ತಕದ ಕೊನೆಯ ಅಡಿಟಿಪ್ಪಣಿಯವರೆಗೂ ಬರಲೇಬೇಕು ಅಂತ ಮೈ ಹಣ್ಣು ಮಾಡಿಕೊಳ್ಳುವವರಿಗೆ ಈ ಲೆಕ್ಕವನ್ನು ನಾನು ಕೈಯಾರೆ ಬರೆದು ಕೊಡುತ್ತೇನೆ.

ಹಂತ 5: ಮನೆಯವರಿಗೆ ಹೇಳಿಕೊಡಿ

ಅವ್ವ ದಿನಾ ರಾತ್ರಿ ಫೋನ್ ಮಾಡಿ "ಇವತ್ತ ಎಷ್ಟ ಓದೀದಿ?" ಅಂತ ಕೇಳುತ್ತಿದ್ದಳು. ಪ್ರೀತಿಯಿಂದಲೇ ಕೇಳುತ್ತಿದ್ದಳು. ನನಗೆ ಮಾತ್ರ ಫೋನ್ ರಿಂಗಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎರಡನೇ ಸಲ ಮೊದಲೇ ಹೇಳಿದೆ: "ಅವ್ವ, ಓದಿದ್ದು ಕೇಳಬ್ಯಾಡ, ಉಂಡದ್ದು ಕೇಳು." ಅಂದಿನಿಂದ ಅವಳು ಪಲ್ಯ ಏನು ಅಂತಷ್ಟೇ ಕೇಳಿದಳು. ಆ ಐದು ನಿಮಿಷ ನನಗೆ ದಿನದ ಒಳ್ಳೆಯ ಹೊತ್ತಾಯಿತು.

ಮನೆಯವರಿಗೆ ಏನು ಕೇಳಬೇಕು ಅಂತ ಗೊತ್ತಿರುವುದಿಲ್ಲ, ನಾವೇ ಹೇಳಬೇಕು. ಮದುವೆ ಮನೆಯಲ್ಲಿ "ಸಿಎ ಆಯ್ತಾ?" ಅನ್ನುವ ಮಾವಂದಿರಿಗೆ "ಇನ್ನೂ ಓದ್ತಾ ಇದ್ದೀನಿ ಮಾವ, ಆದ ಮೇಲೆ ಪೇಡೆ ತರ್ತೀನಿ" ಅಂತ ಒಂದು ಉತ್ತರ ಸಿದ್ಧ ಇಟ್ಟುಕೊಳ್ಳಿ. ಇವತ್ತು ಯಾರು ಎಷ್ಟು ಗಂಟೆ ಓದಿದರು ಅಂತ ಹಾಕುವ ಟೆಲಿಗ್ರಾಂ ಗುಂಪುಗಳಿಂದ ಹೊರಬನ್ನಿ. ಬದಲಿಗೆ ಜೊತೆಗೆ ಓದುವ ಒಬ್ಬ ಗೆಳೆಯನೋ ಗೆಳತಿಯೋ ಇರಲಿ, ವಾರಕ್ಕೆರಡು ಸಲ ಮಾತಾಡಿ. ಪರೀಕ್ಷೆಯ ಮಾತೇ ಆಗಬೇಕಂತಿಲ್ಲ.

ಹಂತ 6: ಈಗಾಗಲೇ ಕೈಚೆಲ್ಲಿದ್ದರೆ

ಮೂರು ದಿನ ಪೂರ್ತಿ ನಿಲ್ಲಿಸಿ. ಸಾಧ್ಯವಾದರೆ ಊರಿಗೆ ಹೋಗಿ, ಪುಸ್ತಕ ಕೋಣೆಯಲ್ಲೇ ಇರಲಿ. ಮರಳಿ ಬಂದ ಮೇಲೆ ದಿನಕ್ಕೆ ಎರಡೇ ಗಂಟೆ, ಅದೂ ಚೆನ್ನಾಗಿ ಬರುವ ಪಾಠದಿಂದ ಶುರು ಮಾಡಿ. ಆಮೇಲೆ ನಾಲ್ಕು, ನಂತರ ಆರು. ಒಂದು ವಾರ ಹಿಡಿಯುತ್ತದೆ. ಹೋದ ದಿನಗಳನ್ನು ರಾತ್ರಿ ಕೂತು ತುಂಬಲು ಹೋಗಬೇಡಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತೀರಿ.

ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ ವೈದ್ಯರನ್ನು ನೋಡಿ. ಬದುಕಿ ಏನು ಅನ್ನುವ ಯೋಚನೆ ಬಂದರೆ ಅದೇ ಕ್ಷಣ ಹತ್ತಿರದವರಿಗೆ ಹೇಳಿ, ಒಬ್ಬರೇ ಇರಬೇಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಈಗಲೇ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಕೋಣೆಯವರಿಗೆ ಬೇಕಾಗಬಹುದು.

ಹಂತ 7: ಅಟೆಂಪ್ಟ್‌ಗಳ ನಡುವೆ ಉಸಿರು ತೆಗೆದುಕೊಳ್ಳಿ

2025ರಿಂದ ಫೈನಲ್ ಕೂಡ ವರ್ಷಕ್ಕೆ ಮೂರು ಸಲ: ಜನವರಿ, ಮೇ, ಸೆಪ್ಟೆಂಬರ್. ಅವಕಾಶ ಜಾಸ್ತಿಯಾಯಿತು ಅನ್ನುವುದು ನಿಜ, ಒಳ್ಳೆಯದೇ. ಆದರೆ ಮೇ ಪರೀಕ್ಷೆಯ ಫಲಿತಾಂಶ ಜುಲೈನಲ್ಲಿ ಬರುವ ಹೊತ್ತಿಗೆ ಸೆಪ್ಟೆಂಬರ್ ಬಾಗಿಲಲ್ಲೇ ನಿಂತಿರುತ್ತದೆ. ಫೇಲಾದ ನೋವಿನಲ್ಲೇ ಅದೇ ದಿನ ಪುಸ್ತಕ ತೆರೆಯುವವರನ್ನು ನೋಡಿದ್ದೇನೆ. ಹಾಗೆ ಮೂರು ಅಟೆಂಪ್ಟ್ ಒಂದರ ಹಿಂದೊಂದು ಕೊಟ್ಟರೆ ವರ್ಷವಿಡೀ ಒಂದು ದಿನವೂ ಬಿಡುವಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ವಾರ ಏನೂ ಓದಬೇಡಿ. ಫಲಿತಾಂಶ ಬಂದ ಮೇಲೆ ಮೂರು ದಿನ ಯಾವ ನಿರ್ಧಾರವೂ ಬೇಡ. ನಾಲ್ಕನೇ ದಿನ ಅಂಕಪಟ್ಟಿ ಎದುರಿಗಿಟ್ಟುಕೊಂಡು, ಒಂದು ಗ್ರೂಪೋ ಎರಡೋ, ಸೆಪ್ಟೆಂಬರೋ ಜನವರಿಯೋ ಅಂತ ನಿಧಾನವಾಗಿ ಯೋಚಿಸಿ. ಒಂದು ಅಟೆಂಪ್ಟ್ ಬಿಟ್ಟು ಮೈಮನಸ್ಸು ಸರಿಮಾಡಿಕೊಂಡು ಬರೆದವರು ಯಾರೂ ಹಿಂದೆ ಬಿದ್ದದ್ದನ್ನು ನಮ್ಮ ಆಫೀಸಿನಲ್ಲಿ ನಾನು ಕಂಡಿಲ್ಲ.

ಹಂತ 8: ಪರೀಕ್ಷೆಯ ದಿನಗಳು

ಸಾಮಾನ್ಯವಾಗಿ ಎರಡು ಪೇಪರ್ ನಡುವೆ ಒಂದು ದಿನ ಬಿಡುವಿರುತ್ತದೆ. ಪರೀಕ್ಷೆ ಮುಗಿದ ಸಂಜೆ ಮತ್ತು ಮರುದಿನ ಸೇರಿ ಮುಂದಿನ ಪೇಪರ್‌ಗೆ ಒಂದೂವರೆ ದಿನ. ಐದಕ್ಕೆ ಹೊರಗೆ ಬಂದರೆ ಗೇಟಿನ ಹತ್ತಿರ ಉತ್ತರ ತಾಳೆ ನೋಡುವ ಗುಂಪು ನಿಂತಿರುತ್ತದೆ. ನಿಲ್ಲಬೇಡಿ. ಒಂದು ಚಹಾ ಕುಡಿದು ಕೋಣೆಗೆ ಹೋಗಿ. ಸ್ನಾನ ಮಾಡಿ, ಒಂದು ಗಂಟೆ ಮಲಗಿ. ಎದ್ದ ಮೇಲೆ ಮುಂದಿನ ಪೇಪರ್‌ನ ಪುಸ್ತಕ ತೆಗೆಯಿರಿ.