ಯುಕೆಲಿ (ಉತ್ತರ ಐರ್ಲೆಂಡ್ ಬಿಟ್ಟು) ಮೆಟರ್ನಿಟಿ ಲೀವ್ ಮುಗಿಸಿ ವಾಪಸ್ ಕೆಲಸಕ್ಕೆ ಹೋಗೋರಿಗೆ

ವೀಸಾ ಮೇಲಿದೀವಿ, ಯಾಕೆ ಬೇಕು ತಂಟೆ ಅಂತ ನಮ್ಮವರು ಬಹಳ ಜನ ಮ್ಯಾನೇಜರ್ ಹೇಳಿದ್ದಕ್ಕೆಲ್ಲ ತಲೆ ಆಡಿಸ್ಬಿಡ್ತಾರೆ. ನಾನೂ ಹಾಗೇ ಮಾಡಿದ್ದೆ, ಲೀವ್ ಮುಗಿಸಿ ಹೋದಾಗ ನನ್ನ ಪ್ರಾಜೆಕ್ಟ್ ಬೇರೆಯವರ ಕೈಲಿತ್ತು, ನನಗೆ ಅದಕ್ಕಿಂತ ಚಿಕ್ಕ ಕೆಲಸ ಕೊಟ್ರು, ತಿಂಗಳುಗಟ್ಟಲೆ ಬಾಯಿ ಬಿಡ್ಲಿಲ್ಲ. ಆಮೇಲೆ ಗೊತ್ತಾಯ್ತು, ವಾಪಸ್ ಬರೋ ಹಕ್ಕಿನ ವಿಷಯದಲ್ಲಿ ಇಲ್ಲಿನ ಕಾನೂನು ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡಲ್ಲ, ನೀವು ಎಂಪ್ಲಾಯಿ ಆಗಿದ್ರೆ ಆಯ್ತು.

ಒಟ್ಟು ಲೀವ್ 52 ವಾರ. ಮೊದಲ 26 ವಾರದೊಳಗೆ ವಾಪಸ್ ಹೋದ್ರೆ ಬಿಟ್ಟು ಹೋದ ಅದೇ ಕೆಲಸ ಕೊಡ್ಬೇಕು. ಅದು ದಾಟಿ ಹೋದ್ರೂ ಮೊದಲ ಹಕ್ಕು ಅದೇ ಕೆಲಸಕ್ಕೇ, ಕೊಡೋಕೆ ನಿಜವಾಗ್ಲೂ ಸಾಧ್ಯ ಇಲ್ಲ ಅಂದ್ರೆ ಮಾತ್ರ ನಿಮಗೆ ಹೊಂದೋ ಬೇರೆ ಕೆಲಸ, ಅದ್ರಲ್ಲೂ ಸಂಬಳ, ಷರತ್ತು ಯಾವುದೂ ಮುಂಚೆಗಿಂತ ಕಮ್ಮಿ ಆಗೋ ಹಾಗಿಲ್ಲ. ನಿಮ್ಮ ಜಾಗಕ್ಕೆ ಬಂದವರು ಚೆನ್ನಾಗಿ ಮಾಡ್ತಿದಾರೆ ಅನ್ನೋದು ಕಾರಣವೇ ಅಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ.

ನೀವಿಲ್ಲದಾಗ ಟೀಮ್‌ಗೆಲ್ಲ ಸಂಬಳ ಏರಿಸಿದ್ರೆ ನಿಮಗೂ ಸೇರುತ್ತೆ. ಲೀವ್‌ನಲ್ಲಿದ್ದಷ್ಟು ದಿನಾನೂ ಆನ್ಯುಯಲ್ ಲೀವ್ ಜಮಾ ಆಗ್ತಾನೇ ಇರುತ್ತೆ, ಎಚ್ಆರ್ ಹತ್ರ ಕೇಳಿ ಲೆಕ್ಕ ತಗೊಳ್ಳಿ. ಮಧ್ಯೆ 10 ದಿನದವರೆಗೆ ಕೀಪಿಂಗ್ ಇನ್ ಟಚ್ ಡೇಸ್ ಅಂತ ಹೋಗಿ ಕೆಲಸ ಮಾಡ್ಬಹುದು, ಒತ್ತಾಯ ಮಾಡೋ ಹಾಗಿಲ್ಲ. ಹೇಳಿದ್ದಕ್ಕಿಂತ ಬೇಗ ವಾಪಸ್ ಬರೋದಾದ್ರೆ 8 ವಾರ ಮುಂಚೆ ತಿಳಿಸಿ.

ರಿಡಂಡೆನ್ಸಿ, ಅಂದ್ರೆ ಕಂಪನಿ ಹುದ್ದೆಯನ್ನೇ ತೆಗೆದು ಹಾಕೋದು, ಅದರ ಭಯ ಇರೋರಿಗೆ: 2024ರ ಏಪ್ರಿಲ್ 6ರಿಂದ ರೂಲ್ ಬದಲಾಗಿದೆ. ಮಗು ಹುಟ್ಟಿ 18 ತಿಂಗಳಾಗೋವರೆಗೂ, ಅಂದ್ರೆ ನೀವು ವಾಪಸ್ ಬಂದ್ಮೇಲೂ, ನಿಮ್ಮ ಹುದ್ದೆ ತೆಗೀತಿದ್ರೆ, ಕಂಪನಿಲಿ ನಿಮಗೆ ಹೊಂದೋ ಬೇರೆ ಕೆಲಸ ಖಾಲಿ ಇದ್ರೆ ಬೇರೆಯವರಿಗಿಂತ ಮೊದಲು ನಿಮಗೆ ಕೊಡ್ಬೇಕು.

ಅದೇ ದಿನದಿಂದ ಫ್ಲೆಕ್ಸಿಬಲ್ ವರ್ಕಿಂಗ್ (ಕೆಲಸದ ದಿನ, ಸಮಯ, ಜಾಗ ಬದಲಿಸಿಕೊಳ್ಳೋದು) ಕೇಳೋದಕ್ಕೂ ಇಷ್ಟು ದಿನ ಸರ್ವಿಸ್ ಆಗಿರ್ಬೇಕು ಅಂತಿಲ್ಲ, ಕಂಪನಿ 2 ತಿಂಗಳಲ್ಲಿ ಉತ್ತರ ಕೊಡ್ಬೇಕು. ಆದ್ರೆ ಸ್ಕಿಲ್ಡ್ ವರ್ಕರ್ ವೀಸಾ, ಅಂದ್ರೆ ಕಂಪನಿ ಸ್ಪಾನ್ಸರ್ ಮಾಡೋ ಕೆಲಸದ ವೀಸಾದವರು ಇಲ್ಲೇ ಹುಷಾರಾಗಿರಿ! ವಾರಕ್ಕೆ 3 ದಿನ ಮಾಡ್ತೀನಿ ಅಂತ ಬರ್ಕೊಟ್ಟು ಸಂಬಳ ವೀಸಾಗೆ ಬೇಕಾದ ಮಿತಿಗಿಂತ ಕೆಳಗೆ ಇಳಿದ್ರೆ ಸ್ಪಾನ್ಸರ್‌ಶಿಪ್‌ಗೇ ಕುತ್ತು ಬರುತ್ತೆ, ಮೆಟರ್ನಿಟಿ ಲೀವ್‌ನಲ್ಲಿ ಸಂಬಳ ಇಳಿದಿದ್ದಕ್ಕೆ ಇರೋ ವಿನಾಯಿತಿ ಪಾರ್ಟ್ ಟೈಮ್‌ಗೆ ಸಿಗಲ್ಲ. ಫ್ಲೆಕ್ಸಿಬಲ್ ವರ್ಕಿಂಗ್ ಆಸೆನೇ ಕೈಬಿಡೋ ಮುಂಚೆ ಸ್ಟಾರ್ಟ್ ಟೈಮ್ ಬದಲಿಸೋದು, ಮನೆಯಿಂದ ಕೆಲಸ, ಇವನ್ನ ಕೇಳಿ ನೋಡಿ, ಅವಕ್ಕೆ ಸಂಬಳ ಇಳಿಯಲ್ಲ.

ಅನ್ಯಾಯ ಅನ್ನಿಸಿದ್ರೆ ಮೊದಲು ಇಮೇಲ್‌ನಲ್ಲೇ ಕೇಳಿ, ಕಾರಿಡಾರ್ ಮಾತು ಸಾಕ್ಷಿಗೆ ಸಿಗಲ್ಲ. ಆಕಾಸ್ (ಕೆಲಸದ ಜಗಳಗಳಲ್ಲಿ ಸಲಹೆ, ರಾಜಿಗೆ ಇರೋ ಸರ್ಕಾರಿ ಸಂಸ್ಥೆ) ಹೆಲ್ಪ್‌ಲೈನ್‌ಗೆ ದುಡ್ಡು ಕೊಡ್ಬೇಕಿಲ್ಲ, ಟ್ರಿಬ್ಯೂನಲ್‌ಗೆ, ಅಂದ್ರೆ ಕೆಲಸದ ವ್ಯಾಜ್ಯ ನೋಡೋ ಕೋರ್ಟ್‌ಗೆ, ಹೋಗೋಕೂ ಮೊದಲು ಅವರಿಗೇ ತಿಳಿಸ್ಬೇಕು, ಗಡುವು ತಿಂಗಳುಗಳದ್ದು ಅಷ್ಟೇ, ಹಾಗಾಗಿ ನನ್ನ ಥರ ಕಾಯ್ಬೇಡಿ, ಆ ವಾರವೇ ಫೋನ್ ಮಾಡಿ.