ಬಿಲ್ ಬಂತು, ಮಾಲು ಬಂತಾ?

ದಾವಣಗೆರೆ ಮಂಡಿಪೇಟೆಯಲ್ಲಿ ನಾಲ್ಕೈದು ಅಂಗಡಿಗಳ ಲೆಕ್ಕ ಬರೆಯುವವಳು ನಾನು. ಮಾರ್ಚ್ ಹತ್ತಿರ ಬಂತೆಂದರೆ ಯಾರಾದರೂ ಒಬ್ಬರು ಸಾಹುಕಾರರು ಮೆಲ್ಲಗೆ ಕೇಳುತ್ತಾರೆ: "ಮೇಡಂ, ಮಾಲಿಲ್ಲದೆ ಬರೀ ಬಿಲ್ ಸಿಗುತ್ತಂತ್ರಿ. ನೂರಕ್ಕೆ ಮೂರು ಕೊಟ್ರೆ ಸಾಕಂತೆ. ತಗೊಳ್ಳಾಣೇನ್ರಿ?"

ಲಾರಿ ಎಲ್ಲಿ ಇಳಿಯುತ್ತೆ ಹೇಳ್ರಿ, ಆಮೇಲೆ ಬಿಲ್ ಮಾತು ಅನ್ನುತ್ತೇನೆ. ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಕೇಳುವುದೂ ಅದನ್ನೇ. ಕೈಯಲ್ಲಿ ಬಿಲ್ ಇದ್ದರಷ್ಟೇ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು, ಸಿಗುವುದಿಲ್ಲ. ಮಾಲು ನಿಮಗೆ ಬಂದಿರಬೇಕು, ಮಾರಿದವನು ತೆರಿಗೆ ಕಟ್ಟಿರಬೇಕು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. 2022-23ರಲ್ಲಿ ನಮ್ಮ ಒಂದು ಕಬ್ಬಿಣದ ಅಂಗಡಿಗೆ 20 ಲಕ್ಷ ರೂಪಾಯಿ ಸರಳಿನ ಬಿಲ್ ಬಂತು. ಶೇ 18ರಂತೆ 3,60,000 ಕ್ರೆಡಿಟ್. ಮಾರಿದವರು ತೋರಿಸಿದ ಬಿಲ್ಲುಗಳ ಪೋರ್ಟಲ್ ಪಟ್ಟಿ, 2ಬಿಯಲ್ಲಿ ಬಿಲ್ ಕಾಣಿಸಿತು, ನಾನು ಸುಮ್ನೆ ಟಿಕ್ ಹಾಕಿದೆ. ಎರಡು ವರ್ಷದ ಮೇಲೆ ನೋಟಿಸ್ ಬಂತು. ಬಿಲ್ಲಿನಲ್ಲಿದ್ದ ಗಾಡಿ ನಂಬರ್ ಒಂದು ಸ್ಕೂಟರಿನದು! ಮೂವತ್ತು ಟನ್ ಸರಳು ಸ್ಕೂಟರ್ ಮೇಲೆ ಬಂದ ಹಾಗಾಯಿತು. ಆಗ ಸಾಹುಕಾರರು ಬಾಯಿಬಿಟ್ಟರು, ಮಾಲು ಬಂದೇ ಇರಲಿಲ್ಲ.

ನೋಟಿಸ್ ಬಂದ 30 ದಿನದೊಳಗೆ ಕಟ್ಟಿದ್ದರಿಂದ ದಂಡ ತೆರಿಗೆಯ ಕಾಲು ಭಾಗಕ್ಕೆ ನಿಂತಿತು, 90,000. ಅದಕ್ಕಿಂತ ಮೊದಲೇ, ನೋಟಿಸ್ ಬರುವ ಮುಂಚೆ, ತಾವಾಗಿ ಕಟ್ಟಿದ್ದರೆ ಶೇ 15. ಆದೇಶ ಆದ ಮೇಲೆ 30 ದಿನದೊಳಗಾದರೆ ಅರ್ಧ. ಅದೂ ದಾಟಿದರೆ ತೆರಿಗೆಯಷ್ಟೇ ದಂಡ. 2024-25ರಿಂದ ಈಚಿನ ವ್ಯವಹಾರಕ್ಕೆ 74ಎ ಸೆಕ್ಷನ್, ಅಲ್ಲಿ 30 ದಿನದ ಬದಲು 60. ಇದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ. ಬಿಲ್ ಕೊಟ್ಟವನಿಗೆ ತೆತ್ತ ಅರವತ್ತು ಸಾವಿರವನ್ನೂ ಸೇರಿಸಿ ಲೆಕ್ಕ ಹಾಕಿದೆವು. ಆರು ಲಕ್ಷ ದಾಟಿತು. ಉಳಿಸಲು ಹೊರಟಿದ್ದು 3.6 ಲಕ್ಷ.

ಆದಾಯ ತೆರಿಗೆಯದು ಬೇರೆ ಕಥೆ. ಸುಳ್ಳು ಖರೀದಿಯನ್ನು ಅವರು ಖರ್ಚು ಅಂತ ಒಪ್ಪುವುದಿಲ್ಲ. ಸುಳ್ಳು ಎಂಟ್ರಿಗೆ ಅಷ್ಟೇ ಮೊತ್ತದ ದಂಡ ಹಾಕಲೂ ಅವಕಾಶ ಇದೆ.

ಜೈಲು? ಇದೆ. ಮಾಲಿಲ್ಲದ ಬಿಲ್ಲಿನಲ್ಲಿ ತೆರಿಗೆ 1 ಕೋಟಿ ದಾಟಿದರೆ ಒಂದು ವರ್ಷದವರೆಗೆ, 2 ಕೋಟಿ ದಾಟಿದರೆ ಮೂರು ವರ್ಷದವರೆಗೆ, 5 ಕೋಟಿ ದಾಟಿದರೆ ಐದು ವರ್ಷದವರೆಗೆ. ಕೊನೆಯದಕ್ಕೆ ಜಾಮೀನು ಹಕ್ಕಿನಿಂದ ಸಿಗುವುದಿಲ್ಲ, ಕೋರ್ಟ್ ಮನಸ್ಸು ಮಾಡಬೇಕು. "ನಮ್ದು ಪ್ರೈವೇಟ್ ಲಿಮಿಟೆಡ್, ಕಂಪನಿ ಮೇಲೆ ಕೇಸು" ಅಂತ ನಗುವವರಿದ್ದಾರೆ. 137ನೇ ಸೆಕ್ಷನ್ ಕಂಪನಿ ಜೊತೆಗೆ ವ್ಯವಹಾರ ನೋಡಿಕೊಳ್ಳುತ್ತಿದ್ದವರನ್ನೂ ಹಿಡಿಯುತ್ತದೆ. ನನಗೆ ಗೊತ್ತಿರಲಿಲ್ಲ ಅನ್ನುವುದನ್ನು ಅವರೇ ಸಾಬೀತು ಮಾಡಬೇಕು. ಮನೆಯವರನ್ನು ಸುಮ್ನೆ ಡೈರೆಕ್ಟರ್ ಮಾಡುವ ಮುಂಚೆ ಇದು ನೆನಪಿರಲಿ.

ಉಲ್ಟಾ ಕಳ್ಳತನವೂ ಉಂಟು, ಬಿಲ್ಲಿಲ್ಲದ ಮಾಲು. ಅಡಿಕೆ ಸೀಮೆಯ ಚನ್ನಗಿರಿ, ಭೀಮಸಮುದ್ರದ ಕಡೆಯವರಿಗೆ ಹೇಳಬೇಕಾಗಿಲ್ಲ. 40 ಲಕ್ಷದ ಅಡಿಕೆಗೆ ಶೇ 5ರಂತೆ ತೆರಿಗೆ 2 ಲಕ್ಷ. ದಾರಿಯಲ್ಲಿ ಹಿಡಿದರೆ ಲಾರಿ ಬಿಡಿಸಿಕೊಳ್ಳಲು ಅದರ ಎರಡರಷ್ಟು, 4 ಲಕ್ಷ. ಮಾಲು ನಮ್ಮದು ಅಂತ ಯಾರೂ ಮುಂದೆ ಬರದಿದ್ದರೆ ಮಾಲಿನ ಬೆಲೆಯ ಅರ್ಧ, 20 ಲಕ್ಷ.

ಈಗ ನಾನು ಮಾಡುವುದು ಹೀಗೆ. ಹೊಸ ಪಾರ್ಟಿ ಬಂದರೆ ಮೊದಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿ ನೋಡುತ್ತೇನೆ. ನೋಂದಣಿ ಯಾವಾಗ ಆಯಿತು, ರಿಟರ್ನ್ ಸರಿಯಾಗಿ ಹಾಕುತ್ತಿದ್ದಾರಾ, ಎಲ್ಲ ಅಲ್ಲೇ ಸಿಗುತ್ತದೆ. ಎರಡು ತಿಂಗಳ ಹಿಂದೆ ಹುಟ್ಟಿದ ಅಂಗಡಿ ಕೋಟಿಗಟ್ಟಲೆ ಬಿಲ್ ಕೊಡುತ್ತಿದ್ದರೆ ನನಗೆ ಅನುಮಾನವೇ. ಗಾಡಿ ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಲಾರಿಯೋ ಸ್ಕೂಟರೋ ಗೊತ್ತಾಗುತ್ತದೆ. ಬೆಂಗಳೂರಿಂದ ಹೈವೇಲಿ ಬಂದ ಲಾರಿ ಗುಯಿಲಾಳು, ಹೆಬ್ಬಾಳು ಟೋಲ್ ದಾಟಬೇಕಲ್ವಾ? ಇ-ವೇ ಬಿಲ್ಲಿಗೂ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಫಾಸ್ಟ್ಯಾಗಿಗೂ ಕೊಂಡಿ ಇದೆ, ಅಧಿಕಾರಿಗಳು ಅದನ್ನೇ ತೆಗೆದು ನೋಡುತ್ತಾರೆ. ಹಾಗಾಗಿ ಪ್ರತಿ ಬಿಲ್ಲಿನ ಹಿಂದೆ ಇ-ವೇ ಬಿಲ್, ತೂಕದ ಚೀಟಿ, ಹಮಾಲಿ ಚೀಟಿ ಪಿನ್ ಮಾಡುತ್ತೇನೆ. ಹಣ ಬ್ಯಾಂಕಿನಿಂದಲೇ ಹೋಗಬೇಕು. ಹೋದ ಹಣ ನಗದಾಗಿ ವಾಪಸ್ ಬರುತ್ತಿದೆ ಅಂತ ಗೊತ್ತಾದರೆ ಆ ಅಂಗಡಿ ಲೆಕ್ಕ ನಾನು ಬರೆಯುವುದಿಲ್ಲ.

ನೋಟಿಸ್ ಬಂದರೆ ಓಡಬೇಡಿ, ಸುಮ್ಮನೆ ಕೂರಲೂ ಬೇಡಿ. ಅದು ಅಂಚೆಯಲ್ಲೇ ಬರಬೇಕೆಂದಿಲ್ಲ. ಪೋರ್ಟಲ್‌ನಲ್ಲಿ ಹೆಚ್ಚುವರಿ ನೋಟಿಸ್‌ಗಳ ಜಾಗ ಬೇರೆ ಇದೆ, ತಿಂಗಳಿಗೆರಡು ಸಲ ಅಲ್ಲಿ ಇಣುಕಿ. ಮಾಲು ನಿಜವಾಗಿ ಬಂದಿದ್ದರೆ ಕಾಗದ ಸಮೇತ ಉತ್ತರ ಕೊಟ್ಟು, ನೇರ ವಿಚಾರಣೆ ಬೇಕು ಅಂತ ಬರೆದುಕೊಡಿ. ಬಂದಿಲ್ಲದಿದ್ದರೆ ವಕೀಲರನ್ನೋ ಸಿಎಯನ್ನೋ ಕಂಡು, ದಂಡ ಕಡಿಮೆ ಇರುವಾಗಲೇ ಡಿಆರ್‌ಸಿ-03 ಅನ್ನುವ ಫಾರಂನಲ್ಲಿ ಕಟ್ಟಿಬಿಡಿ. ಆದೇಶ ವಿರುದ್ಧ ಬಂದರೆ ಮೇಲ್ಮನವಿಗೆ ಮೂರು ತಿಂಗಳು, ತಕರಾರಿನ ತೆರಿಗೆಯ ಶೇ 10 ಮೊದಲೇ ಕಟ್ಟಬೇಕು. ಓದದೆ ಯಾವ ಹೇಳಿಕೆಗೂ ಸಹಿ ಹಾಕಬೇಡಿ.

ಕಾಗದಗಳನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಇಡಬೇಕು. ತೂಕದ ಚೀಟಿಯ ಅಕ್ಷರ ಒಂದೇ ಬೇಸಿಗೆಗೆ ಮಾಸುತ್ತದೆ. ಬಂದ ದಿನವೇ ಜೆರಾಕ್ಸ್ ಮಾಡಿಸಿಡಿ.